ಸ್ನೋಬೋರ್ಡಿಂಗ್ ಕಲಿಯಬೇಕೆನ್ನುವ ಹೆಂಗಸರಿಗೆ: ಮೊದಲು ಕಾಲು, ಆಮೇಲೆ ಬೋರ್ಡು

ಸ್ನೋಬೋರ್ಡಿಂಗ್ ಅಂದರೆ ಎರಡೂ ಕಾಲನ್ನು ಒಂದೇ ಹಲಗೆಗೆ ಬಿಗಿದುಕೊಂಡು ಹಿಮದ ಇಳಿಜಾರಿನಲ್ಲಿ ಜಾರುವ ಆಟ. ಅದನ್ನು ಕಲಿಯಬೇಕೆನ್ನುವ ಹೆಂಗಸರು ನನ್ನನ್ನು ಕೇಳುವ ಪ್ರಶ್ನೆ ಹೆಚ್ಚೂಕಡಿಮೆ ಒಂದೇ. "ಸ್ನೋಬೋರ್ಡಿಂಗ್ ಮಾಡಿದ್ರೆ ತೂಕ ಇಳಿಯುತ್ತಾ?" ಅದರ ಬೆನ್ನಿಗೇ ಇನ್ನೆರಡು ಬರುತ್ತವೆ: "ಮಂಡಿ ಹಾಳಾಗಲ್ವಾ?", "ನಲವತ್ತು ದಾಟಿತು, ಈಗ ಶುರು ಮಾಡಬಹುದಾ?" ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಹೇಳುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿಡುತ್ತಿದ್ದೇನೆ.

ತೂಕದ ವಿಷಯ ಮೊದಲೇ ಮುಗಿಸಿಬಿಡೋಣ. ವ್ಯಾಯಾಮದ ಶ್ರಮ ಅಳೆಯಲು ಮೆಟ್ ಎಂಬ ಅಳತೆ ಇದೆ. ಸುಮ್ಮನೆ ಕೂತಿರುವಾಗ ದೇಹ ಖರ್ಚು ಮಾಡುವ ಶಕ್ತಿ 1 ಮೆಟ್. ಅಂದರೆ ಒಂದು ಗಂಟೆಗೆ, ದೇಹದ ಒಂದೊಂದು ಕೆ.ಜಿ.ಗೆ, ಸುಮಾರು 1 ಕ್ಯಾಲೊರಿ. ಆರಾಮಾಗಿ ಮಾಡುವ ಸ್ನೋಬೋರ್ಡಿಂಗ್‌ಗೆ 4.3 ಮೆಟ್, ಮಧ್ಯಮ ಶ್ರಮದ್ದಕ್ಕೆ 5.3, ಜೋರಾಗಿ ಮಾಡಿದರೆ 8. ನಿಮ್ಮ ತೂಕ 60 ಕೆ.ಜಿ. ಇದ್ದರೆ ಮಧ್ಯಮ ಶ್ರಮಕ್ಕೆ ಗಂಟೆಗೆ 318 ಕ್ಯಾಲೊರಿ ಆಯಿತು. ಪರವಾಗಿಲ್ಲ ಅನಿಸುತ್ತದೆ ಅಲ್ವಾ? ಆದರೆ ಇದು ಜಾರುತ್ತಿರುವ ಹೊತ್ತಿನ ಲೆಕ್ಕ ಮಾತ್ರ. ಲಿಫ್ಟಿಗೆ (ಬೆಟ್ಟದ ಮೇಲಕ್ಕೆ ಒಯ್ಯುವ ತೂಗುಕುರ್ಚಿ) ಸರದಿ ನಿಂತದ್ದು, ಅದರಲ್ಲಿ ಕೂತು ಮೇಲೆ ಹೋದದ್ದು, ಬಿದ್ದು ಆಕಾಶ ನೋಡಿದ್ದು ಯಾವುದೂ ಇದರಲ್ಲಿಲ್ಲ. ಅವನ್ನೆಲ್ಲ ಕಳೆದರೆ ಐದು ಗಂಟೆ ಬೆಟ್ಟದ ಮೇಲಿದ್ದರೂ ನಿಜವಾಗಿ ಜಾರಿದ ಹೊತ್ತು ಅದರ ಒಂದು ಪಾಲು ಅಷ್ಟೇ. ಬಿರುಸಾಗಿ ನಡೆಯುವುದಕ್ಕೂ 4.3 ಮೆಟ್ಟೇ ಬೇಕು, ಅದಕ್ಕೆ ಬೆಟ್ಟ ಹುಡುಕಿಕೊಂಡು ಹೋಗಬೇಕಿಲ್ಲ. ತೂಕಕ್ಕೋಸ್ಕರ ಸ್ನೋಬೋರ್ಡಿಂಗ್ ಅಂದರೆ ನಾನು ಬೇಡ ಅನ್ನುತ್ತೇನೆ.

ಹಾಗಾದರೆ ಸಿಗುವುದು ಏನು? ತೊಡೆ, ಪೃಷ್ಠ, ಮೀನಖಂಡಗಳ ಬಲ. ಹೊಟ್ಟೆ ಮತ್ತು ಸೊಂಟದ ಸುತ್ತಲಿನ ಹಿಡಿತ. ಎಲ್ಲಕ್ಕಿಂತ ಮಿಗಿಲಾಗಿ ಸಮತೋಲನ. ಸಾಮಾನ್ಯ ವ್ಯಾಯಾಮದಲ್ಲಿ ನಾವು ಮುಂದಕ್ಕೆ, ಹಿಂದಕ್ಕೆ ಚಲಿಸುತ್ತೇವೆ. ಇಲ್ಲಿ ದೇಹ ಪಕ್ಕಕ್ಕೆ ತಿರುಗಿ ನಿಂತಿರುತ್ತದೆ, ನೆಲ ಕಾಲ ಕೆಳಗೆ ಜಾರುತ್ತಲೇ ಇರುತ್ತದೆ. ಪಾದದ ಸಣ್ಣ ಸ್ನಾಯುಗಳಿಂದ ಹಿಡಿದು ಕುತ್ತಿಗೆಯವರೆಗೆ ಪ್ರತಿ ಕ್ಷಣ ಸರಿಪಡಿಸಿಕೊಳ್ಳುವ ಕೆಲಸ ನಡೆದಿರುತ್ತದೆ. ವಯಸ್ಸಾದಂತೆ ಹೆಂಗಸರು ಬಿದ್ದು ಮೂಳೆ ಮುರಿದುಕೊಳ್ಳುವುದು ಜಾಸ್ತಿ. ಆಗ ಕೈಹಿಡಿಯುವುದು ಈ ಸಮತೋಲನವೇ.

ವಯಸ್ಸಿನ ಪ್ರಶ್ನೆಗೆ ಒಂದು ಉದಾಹರಣೆ. ಅಮೆರಿಕದ ಸ್ನೋಬೋರ್ಡಿಂಗ್ ಆಟಗಾರ್ತಿ ಲಿಂಡ್ಸೆ ಜಾಕೊಬೆಲ್ಲಿಸ್ 2006ರ ಒಲಿಂಪಿಕ್ಸ್‌ನಲ್ಲಿ ಗೆಲುವು ಕೈಯಲ್ಲೇ ಇದ್ದಾಗ ಕೊನೆಯ ಹೊತ್ತಿಗೆ ಬಿದ್ದು ಬೆಳ್ಳಿಗೆ ತೃಪ್ತಿಪಟ್ಟರು. ಚಿನ್ನ ಸಿಕ್ಕಿದ್ದು 2022ರಲ್ಲಿ, 36ನೇ ವಯಸ್ಸಿಗೆ. ನಿಮಗೆ ಒಲಿಂಪಿಕ್ಸ್ ಬೇಕಿಲ್ಲ, ಹಸಿರು ಗುರುತಿನ ಸುಲಭದ ಇಳಿಜಾರು ಸಾಕು. ನಲವತ್ತರಲ್ಲೂ ಐವತ್ತರಲ್ಲೂ ಕಲಿಯಬಹುದು. ಕಾಲು ತಯಾರಿರಬೇಕು, ಅಷ್ಟೇ.

ಹಂತ 1: ಡಾಕ್ಟರನ್ನು ಕೇಳಬೇಕಾ ಬೇಡವಾ, ಮೊದಲು ತೀರ್ಮಾನಿಸಿ

ಗರ್ಭಿಣಿಯರಿಗೆ ಇದು ಬೇಡವೇ ಬೇಡ. ಬೀಳುವ ಸಾಧ್ಯತೆ ಹೆಚ್ಚಿರುವ ಆಟಗಳನ್ನು ಬಸಿರಿನಲ್ಲಿ ದೂರವಿಡಿ ಎಂದೇ ವೈದ್ಯರು ಹೇಳುತ್ತಾರೆ. ಹೆರಿಗೆಯಾಗಿ ಹೆಚ್ಚು ದಿನ ಆಗಿಲ್ಲದವರು, ಮೂಳೆ ಸವೆತ ಇದೆ ಎಂದು ಗೊತ್ತಿರುವವರು, ಮಂಡಿಗೆ ಆಪರೇಷನ್ ಆದವರು, ತಲೆಸುತ್ತು ಬರುವವರು ಕೇಳಿಕೊಂಡೇ ಹೊರಡಿ.

ಮುಟ್ಟು ನಿಂತ ಮೇಲೆ ಈಸ್ಟ್ರೋಜೆನ್ ಹಾರ್ಮೋನ್ ಕಡಿಮೆಯಾಗಿ ಮೂಳೆ ಬೇಗ ಬೇಗ ಸಾಂದ್ರತೆ ಕಳೆದುಕೊಳ್ಳುತ್ತದೆ. ಅಂಥವರು ಒಮ್ಮೆ ಡೆಕ್ಸಾ ಸ್ಕ್ಯಾನ್, ಅಂದರೆ ಮೂಳೆ ಎಷ್ಟು ಗಟ್ಟಿಯಿದೆ ಎಂದು ನೋಡುವ ಎಕ್ಸ್-ರೇ ಪರೀಕ್ಷೆ, ಮಾಡಿಸಬೇಕೇ ಎಂದು ಕೇಳಿ.

ಹೆಚ್ಚು ಜನ ಬಾಯಿಬಿಟ್ಟು ಹೇಳದ ಒಂದು ವಿಷಯವೂ ಇದೆ. ಕೆಮ್ಮಿದಾಗ, ಹಾರಿದಾಗ ಮೂತ್ರ ಜಿನುಗುತ್ತಿದ್ದರೆ ಅದು ಕಿಬ್ಬೊಟ್ಟೆಯ ತಳದ ಸ್ನಾಯು ಸಡಿಲವಾಗಿರುವ ಸೂಚನೆ. ಹೆರಿಗೆಯಾದವರಲ್ಲಿ ತೀರಾ ಸಾಮಾನ್ಯ. ಇಳಿಜಾರಿನ ಕುಲುಕಾಟದಲ್ಲಿ ಅದು ಜಾಸ್ತಿಯಾಗಬಹುದು. ಫಿಸಿಯೋಥೆರಪಿಸ್ಟ್ ಹತ್ತಿರ ಹೋದರೆ ಇದಕ್ಕೆ ವ್ಯಾಯಾಮ ಹೇಳಿಕೊಡುತ್ತಾರೆ. ನಾಚಿಕೆಪಡುವಂಥದ್ದೇನೂ ಇಲ್ಲ.

ಮುಟ್ಟಿನಲ್ಲಿ ರಕ್ತಸ್ರಾವ ಜಾಸ್ತಿ ಇದ್ದು, ಮೆಟ್ಟಿಲು ಹತ್ತಿದರೂ ಏದುಸಿರು ಬರುವವರು ಹಿಮೊಗ್ಲೋಬಿನ್ ಮತ್ತು ಫೆರಿಟಿನ್ (ದೇಹದಲ್ಲಿ ಕಬ್ಬಿಣದ ದಾಸ್ತಾನು ಎಷ್ಟಿದೆ ಎಂದು ಹೇಳುವ ರಕ್ತಪರೀಕ್ಷೆ) ನೋಡಿಸಿ. ಕಬ್ಬಿಣದ ಅಂಶ ಕಡಿಮೆಯಿದ್ದರೆ ಎಷ್ಟು ತಯಾರಿ ಮಾಡಿದರೂ ಮೊದಲ ಗಂಟೆಯಲ್ಲೇ ಸುಸ್ತು.

ಹಂತ 2: ಹಿಮ ನೋಡುವ ಆರು ವಾರ ಮುಂಚೆ ಕಾಲನ್ನು ಪಳಗಿಸಿ

ನನ್ನ ಮಟ್ಟಿಗೆ ಇದೇ ಮುಖ್ಯ ಹಂತ. ಎಲ್ಲರೂ ಬಿಟ್ಟುಬಿಡುವುದೂ ಇದನ್ನೇ.

ಇಳಿಜಾರಿನಲ್ಲಿ ತೊಡೆಯ ಸ್ನಾಯು ಮಾಡುವ ಕೆಲಸ ವಿಚಿತ್ರವಾದದ್ದು. ಮೆಟ್ಟಿಲು ಹತ್ತುವಾಗ ಅದು ಮುದುಡಿ ನಿಮ್ಮನ್ನು ಮೇಲೆತ್ತುತ್ತದೆ. ಇಳಿಜಾರಿನಲ್ಲಿ ಜಾರುವಾಗ ಭಾರ ಹೊತ್ತುಕೊಂಡೇ ಉದ್ದವಾಗುತ್ತದೆ, ಒಂಥರಾ ಬ್ರೇಕು ಹಿಡಿದ ಹಾಗೆ. ಇದಕ್ಕೆ ಎಕ್ಸೆಂಟ್ರಿಕ್ ಕೆಲಸ ಎನ್ನುತ್ತಾರೆ. ಅಭ್ಯಾಸವಿಲ್ಲದ ಸ್ನಾಯುವಿಗೆ ಇದು ಬಿದ್ದರೆ ನೋವು ಅವತ್ತಲ್ಲ, ಮಾರನೇ ದಿನ ಬರುತ್ತದೆ. ಮೂರನೇ ದಿನ ಕುರ್ಚಿಯಿಂದ ಏಳಲು ಮೇಜು ಹಿಡಿಯಬೇಕು.

ವಾರಕ್ಕೆ ಮೂರು ದಿನ, ಒಂದೊಂದು ಸಲ ಅರ್ಧ ಗಂಟೆ ಸಾಕು:

ಬಸ್ಕಿ, ಆದರೆ ನಿಧಾನವಾಗಿ. ಇಳಿಯುವಾಗ ಮನಸ್ಸಿನಲ್ಲೇ ನಾಲ್ಕು ಎಣಿಸಿ, ಏಳುವಾಗ ಒಂದು. ಹತ್ತರಂತೆ ಮೂರು ಸರದಿ. ಮೂರನೇ ವಾರದಿಂದ ಕೈಯಲ್ಲಿ ತೂಕ ಹಿಡಿಯಿರಿ. ಮೂಳೆ ಗಟ್ಟಿಯಾಗಬೇಕಾದರೆ ಅದರ ಮೇಲೆ ಭಾರ ಬೀಳಬೇಕು. ಅದಕ್ಕೆ ವರ್ಷಕ್ಕೆ ನಾಲ್ಕು ದಿನದ ಹಿಮಕ್ಕಿಂತ ಈ ತೂಕವೇ ಹೆಚ್ಚು ಉಪಯೋಗ.

ಗೋಡೆಗೆ ಬೆನ್ನು ಕೊಟ್ಟು, ಕಾಣದ ಕುರ್ಚಿಯ ಮೇಲೆ ಕೂತಂತೆ ಕೂರುವುದು. 20 ಸೆಕೆಂಡಿನಿಂದ ಶುರು ಮಾಡಿ ಒಂದು ನಿಮಿಷಕ್ಕೆ ತನ್ನಿ.

ಮೆಟ್ಟಿಲಿನ ಅಂಚಿನಲ್ಲಿ ತುದಿಗಾಲಿನ ಮೇಲೆ ನಿಂತು ಹಿಮ್ಮಡಿ ಮೇಲೆ ಕೆಳಗೆ ಮಾಡುವುದು. ಇದು ಮೀನಖಂಡಕ್ಕೆ. ಯಾಕೆ ಬೇಕು ಅನ್ನುವುದು ಆರನೇ ಹಂತದಲ್ಲಿ ಗೊತ್ತಾಗುತ್ತದೆ.

ಪ್ಲ್ಯಾಂಕ್: ಮೊಣಕೈ ಮತ್ತು ತುದಿಗಾಲಿನ ಮೇಲೆ ದೇಹವನ್ನು ಹಲಗೆಯಂತೆ ನೇರ ಹಿಡಿಯುವುದು. ನೇರವಾಗಿ ಒಮ್ಮೆ, ಬಲ ಎಡ ಪಕ್ಕಕ್ಕೆ ಒಂದೊಂದು ಸಲ.

ಒಂಟಿ ಕಾಲಲ್ಲಿ ನಿಲ್ಲುವುದು. ಹಲ್ಲುಜ್ಜುವಾಗಲೇ ಮಾಡಿ. 30 ಸೆಕೆಂಡು ಸಲೀಸಾದ ಮೇಲೆ ಕಣ್ಣು ಮುಚ್ಚಿ ನೋಡಿ, ಬೇರೆಯೇ ಕಥೆ. ಗೋಡೆ ಹತ್ತಿರ ಇರಲಿ.

ಕೊನೆಯದು ಮಂಡಿಗಾಗಿ. ಮಂಡಿಯ ಒಳಗೆ ತೊಡೆಮೂಳೆಯನ್ನೂ ಕೆಳಗಿನ ಮೂಳೆಯನ್ನೂ ಹಿಡಿದಿಡುವ ಗಟ್ಟಿ ಪಟ್ಟಿ ಒಂದಿದೆ, ಎಸಿಎಲ್ ಅಂತ. ಹಾರುವ, ಗಕ್ಕನೆ ತಿರುಗುವ ಆಟಗಳಲ್ಲಿ ಇದು ಹರಿಯುವುದು ಗಂಡಸರಿಗಿಂತ ಹೆಂಗಸರಲ್ಲಿ ಜಾಸ್ತಿ. ನೆಲಕ್ಕೆ ಇಳಿಯುವಾಗ ಮಂಡಿಗಳು ಒಂದಕ್ಕೊಂದು ಒಳಮುಖವಾಗಿ ವಾಲುವುದು ಇದಕ್ಕೆ ಒಂದು ಕಾರಣ. ಅದಕ್ಕೆ ಕನ್ನಡಿ ಮುಂದೆ ನಿಂತು ಒಂದು ಗೇಣು ಎತ್ತರಕ್ಕೆ ಹಾರಿ, ಸದ್ದಾಗದಂತೆ ಇಳಿಯಿರಿ, ಅಲ್ಲೇ ಎರಡು ಸೆಕೆಂಡು ನಿಲ್ಲಿ. ಮಂಡಿ ಕಾಲ್ಬೆರಳುಗಳ ನೇರಕ್ಕೇ ಇದೆಯಾ ನೋಡಿ. ಒಳಗೆ ವಾಲುತ್ತಿದ್ದರೆ ಎತ್ತರ ಕಡಿಮೆ ಮಾಡಿ, ತಿದ್ದಿಕೊಂಡು ಮತ್ತೆ ಹಾರಿ. ಇಂಥ ಅಭ್ಯಾಸದಿಂದ ಎಸಿಎಲ್ ಪೆಟ್ಟು ಕಡಿಮೆಯಾಗುತ್ತದೆ ಎನ್ನುವುದು ಬೇರೆ ಬೇರೆ ಆಟಗಳ ಹೆಣ್ಣುಮಕ್ಕಳಲ್ಲಿ ಕಂಡುಬಂದಿದೆ.

"ಮಂಡಿ ಹಾಳಾಗಲ್ವಾ" ಅಂದವರಿಗೆ ಒಂದು ಸಮಾಧಾನ: ಸ್ಕೀಯಿಂಗ್‌ಗೆ (ಒಂದೊಂದು ಕಾಲಿಗೂ ಬೇರೆ ಬೇರೆ ಹಲಗೆ ಕಟ್ಟಿಕೊಂಡು ಹಿಮದಲ್ಲಿ ಜಾರುವುದು) ಹೋಲಿಸಿದರೆ ಸ್ನೋಬೋರ್ಡಿಂಗ್‌ನಲ್ಲಿ ಮಂಡಿ ತಿರುಚುವುದು ಕಡಿಮೆ. ಎರಡೂ ಪಾದ ಒಂದೇ ಹಲಗೆಗೆ ಬಿಗಿದಿರುವುದರಿಂದ ಕಾಲುಗಳು ಬೇರೆ ಬೇರೆ ದಿಕ್ಕಿಗೆ ಹೋಗುವಂತಿಲ್ಲ. ಇಲ್ಲಿ ಪೆಟ್ಟು ಬೀಳುವುದು ಮಣಿಕಟ್ಟಿಗೆ.

ಗೋಡೆ ಕುರ್ಚಿ ಒಂದು ನಿಮಿಷ, ಒಂಟಿ ಕಾಲು 30 ಸೆಕೆಂಡು, ಒಂಟಿ ಕಾಲಲ್ಲೇ ಹಿಮ್ಮಡಿ ಎತ್ತುವುದು 15 ಸಲ, ಪ್ಲ್ಯಾಂಕ್ 45 ಸೆಕೆಂಡು. ಇದು ನಾನು ಇಟ್ಟುಕೊಂಡಿರುವ ಅಳತೆ. ಇಷ್ಟು ಬಂದರೆ ಹೊರಡಿ. ಈ ಅಂಕಿಗಳನ್ನು ಒಂದು ಕಡೆ ಬರೆದಿಡಿ, ಕೊನೆಗೆ ಬೇಕಾಗುತ್ತದೆ.

ಹಂತ 3: ಅಳತೆಗೆ ಸರಿಯಾದ ಬೋರ್ಡು, ಬೂಟು

ಬೂಟಿನಿಂದ ಶುರು ಮಾಡಿ, ಬೋರ್ಡಿನಿಂದಲ್ಲ. ಹೆಂಗಸರ ಬೂಟು ಬಣ್ಣದಲ್ಲಷ್ಟೇ ಬೇರೆ ಎಂದುಕೊಳ್ಳಬೇಡಿ. ನಮ್ಮ ಮೀನಖಂಡ ಸ್ವಲ್ಪ ಕೆಳಗಿನಿಂದಲೇ ದಪ್ಪವಾಗುತ್ತದೆ. ಗಂಡಸರ ಬೂಟಿನ ಮೇಲಂಚು ಅಲ್ಲಿ ಒತ್ತುತ್ತದೆ, ಹಿಮ್ಮಡಿ ಕಡೆ ಸಡಿಲ ಉಳಿಯುತ್ತದೆ. ಬೂಟು ಕಟ್ಟಿಕೊಂಡು ತುದಿಗಾಲಲ್ಲಿ ನಿಲ್ಲಿ. ಒಳಗೆ ಹಿಮ್ಮಡಿ ಎದ್ದರೆ ಆ ಬೂಟು ಬೇಡ. ಬೆರಳು ಮುಂದಕ್ಕೆ ತಾಗಿಯೂ ತಾಗದಂತಿರಬೇಕು. ಮಂಡಿ ಬಗ್ಗಿಸಿದಾಗ ಬೆರಳು ಕೊಂಚ ಹಿಂದೆ ಸರಿಯಬೇಕು.

ಸಾಕ್ಸ್ ಒಂದೇ ಜೊತೆ, ತೆಳ್ಳಗಿನದು. ಚಳಿ ಅಂತ ಎರಡು ಜೊತೆ ಹಾಕಿದರೆ ರಕ್ತ ಓಡಾಟ ಕಡಿಮೆಯಾಗಿ ಕಾಲು ಇನ್ನಷ್ಟು ತಣ್ಣಗಾಗುತ್ತದೆ.

ಬೋರ್ಡಿನ ನಡುವಿನ ಅಗಲಕ್ಕೆ ವೇಸ್ಟ್ ಅನ್ನುತ್ತಾರೆ. ಪಾದ ಚಿಕ್ಕದಿದ್ದು ಬೋರ್ಡು ಅಗಲವಾದರೆ ಅದನ್ನು ಅಂಚಿಗೆ ವಾಲಿಸಲು ಎರಡರಷ್ಟು ಒದ್ದಾಡಬೇಕು. ನನ್ನ ಮೊದಲ ಸಲ ಬಾಡಿಗೆ ಅಂಗಡಿಯವರು ಕೈಗೆ ಸಿಕ್ಕ ಗಂಡಸರ ಬೋರ್ಡೊಂದನ್ನು ಕೊಟ್ಟು ಕಳಿಸಿದ್ದರು. ಎರಡು ದಿನ ನನಗೆ ಕಲಿಯುವ ಯೋಗ್ಯತೆಯೇ ಇಲ್ಲ ಅಂದುಕೊಂಡಿದ್ದೆ. ಮೂರನೇ ದಿನ ಬೋರ್ಡು ಬದಲಾಯಿತು, ತಿರುವೂ ಬಂತು. ಹಾಗಾಗಿ "ನನ್ನ ತೂಕ ಇಷ್ಟು, ಪಾದದ ಅಳತೆ ಇಷ್ಟು, ಮೊದಲ ಸಲ" ಎಂದು ಮೂರನ್ನೂ ಹೇಳಿ ಕೇಳಿ. ಕಲಿಯುವವರಿಗೆ ಸುಲಭವಾಗಿ ಬಗ್ಗುವ ಬೋರ್ಡು ಒಳ್ಳೆಯದು. ನಿಲ್ಲಿಸಿದರೆ ಗದ್ದದಿಂದ ಮೂಗಿನ ನಡುವೆ ಬರುವಷ್ಟು ಉದ್ದ ಇರುತ್ತದೆ. ಆದರೆ ಎತ್ತರಕ್ಕಿಂತ ತೂಕವೇ ಸರಿಯಾದ ಆಧಾರ.

ಯಾವ ಕಾಲು ಮುಂದೆ? ನುಣುಪು ನೆಲದ ಮೇಲೆ ಸಾಕ್ಸ್ ಹಾಕಿಕೊಂಡು ಓಡಿ ಬಂದು ಜಾರಿ ನೋಡಿ. ತಾನಾಗಿ ಮುಂದೆ ಹೋಗುವ ಕಾಲೇ ಮುಂದಿನದು. ಎಡಗಾಲಾದರೆ ರೆಗ್ಯುಲರ್, ಬಲಗಾಲಾದರೆ ಗೂಫಿ. ಎರಡರಲ್ಲಿ ಮೇಲು ಕೀಳು ಇಲ್ಲ.

ಹೆಲ್ಮೆಟ್ ಮತ್ತು ಮಣಿಕಟ್ಟಿನ ಗಾರ್ಡ್ ಇಲ್ಲದೆ ಹೋಗಬೇಡಿ. ಬೀಳುವಾಗ ಕೈ ಚಾಚುವುದು ಸಹಜ, ಹೊಸಬರಲ್ಲಿ ಮಣಿಕಟ್ಟು ಮುರಿಯುವುದು ಹಾಗೆಯೇ. ಬಾಲಮೂಳೆಗೆ ಮೆತ್ತೆಯಿರುವ ಒಳಚಡ್ಡಿ ಸಿಗುತ್ತದೆ. ನೋಡಲು ತಮಾಷೆಯಾಗಿದ್ದರೂ ಎರಡನೇ ದಿನ ಅದರ ಬೆಲೆ ಗೊತ್ತಾಗುತ್ತದೆ.

ಹಂತ 4: ಮೈಮೇಲೆ ಏನು

ಮೈಗೆ ತಾಗುವ ಪದರ ಹತ್ತಿಯದ್ದಾಗಬಾರದು. ಬೆವರು ಹೀರಿ ಒದ್ದೆಯಾಗಿ ಕೂರುತ್ತದೆ, ನಿಂತ ತಕ್ಷಣ ಚಳಿ ಹಿಡಿಯುತ್ತದೆ. ಮೆರಿನೊ ಉಣ್ಣೆ ಅಥವಾ ಸಿಂಥೆಟಿಕ್ ಇರಲಿ. ಸ್ಪೋರ್ಟ್ಸ್ ಬ್ರಾಗೂ ಇದೇ ಮಾತು. ಹಿಮ ಬಿಸಿಲನ್ನು ವಾಪಸ್ ಎಸೆಯುತ್ತದೆ. ಹೊಸ ಹಿಮವಾದರೆ ಅತಿನೇರಳೆ ಕಿರಣದ 80%ರವರೆಗೂ. ಅದಕ್ಕೆ ಸನ್‌ಸ್ಕ್ರೀನನ್ನು ಗದ್ದದ ಅಡಿ, ಮೂಗಿನ ಕೆಳಗೂ ಹಚ್ಚಿ. ಕಣ್ಣಿಗೆ ಗಾಗಲ್ಸ್ ಬೇಕೇ ಬೇಕು.

ಮುಟ್ಟಿನ ದಿನ ಹೋಗಬಾರದು ಎಂದೇನೂ ಇಲ್ಲ. ಹೊಟ್ಟೆನೋವು ಸಹಿಸುವಷ್ಟಿದ್ದರೆ ಹೋಗಿ. ಆದರೆ ಭುಜದವರೆಗೆ ಬರುವ ಬಿಬ್ ಪ್ಯಾಂಟ್ ಹಾಕಿದ್ದರೆ ಶೌಚಾಲಯದಲ್ಲಿ ಬಿಚ್ಚಿ ಹಾಕುವುದೇ ಒಂದು ವ್ಯಾಯಾಮ. ಪಕ್ಕದಲ್ಲಿ ಜಿಪ್ ಇರುವುದನ್ನು ನೋಡಿ ತೆಗೆದುಕೊಳ್ಳಿ. ಆ ಕಷ್ಟಕ್ಕೆ ಹೆದರಿ ನೀರು ಕುಡಿಯುವುದನ್ನು ಮಾತ್ರ ಬಿಡಬೇಡಿ. ಎತ್ತರದ ಒಣ ಗಾಳಿಯಲ್ಲಿ ನೀರು ಬೇಗ ಕಡಿಮೆಯಾಗುತ್ತದೆ. 2,500 ಮೀಟರ್ ದಾಟಿದ ಜಾಗವಾದರೆ ಮೊದಲ ದಿನ ತಲೆನೋವು, ವಾಕರಿಕೆ ಬರಬಹುದು. ಅವತ್ತು ಮೆಲ್ಲಗೆ ಮಾಡಿ.

ಹಂತ 5: ಬೀಳುವುದು, ಏಳುವುದು

ಮೊದಲ ಗಂಟೆ ಇದಕ್ಕೇ ಇಡಿ. ತರಬೇತುದಾರರ ಹತ್ತಿರ ಕಲಿಯಿರಿ. ಗಂಡ, ಗೆಳೆಯ, ಅಣ್ಣನ ಹತ್ತಿರ ಬೇಡ. ಅವರಿಗೆ ಬರುತ್ತದೆ ಅಂದ ಮಾತ್ರಕ್ಕೆ ಹೇಳಿಕೊಡಲು ಬರುತ್ತದೆ ಅಂತಲ್ಲ.

ಮುಂದಕ್ಕೆ ಬೀಳುತ್ತಿದ್ದರೆ ಮಂಡಿ ಬಗ್ಗಿಸಿ ಮೊದಲು ಮಂಡಿ ಊರಿ, ಆಮೇಲೆ ಮುಂಗೈ. ಮುಷ್ಟಿ ಮುಚ್ಚಿರಲಿ. ಹಿಂದಕ್ಕಾದರೆ ಕೂರುವ ಹಾಗೆ ತಗ್ಗಿ, ಗದ್ದವನ್ನು ಎದೆಗೆ ಒತ್ತಿ, ಬೆನ್ನ ಮೇಲೆ ಉರುಳಿ. ಕೈ ಹಿಂದೆ ಚಾಚಬೇಡಿ.

ಏಳುವುದೇ ನಿಜವಾದ ಕಸರತ್ತು. ಎರಡೂ ಕಾಲು ಹಲಗೆಗೆ ಬಿಗಿದಿದೆ, ಕೆಳಗೆ ಜಾರುವ ಹಿಮ. ಕೂತಲ್ಲಿಂದ ಏಳಲು ಹೋದರೆ ಹೊಟ್ಟೆಯ ಬಲವೆಲ್ಲ ಬೇಕು. ಹೊಸಬರು ಮತ್ತೆ ಮತ್ತೆ ಪ್ರಯತ್ನಿಸಿ ಸೋಲುವುದು ಇಲ್ಲೇ. ಹೀಗೆ ಮಾಡಿ: ಮಗ್ಗುಲಾಗಿ ಬೋರಲು ತಿರುಗಿ, ಬೆಟ್ಟಕ್ಕೆ ಮುಖ ಮಾಡಿ ಮಂಡಿಯೂರಿ. ಬೋರ್ಡಿನ ಬೆರಳ ಕಡೆಯ ಅಂಚನ್ನು ಹಿಮಕ್ಕೆ ಒತ್ತಿ, ಮುಷ್ಟಿಯಿಂದ ದೂಡಿ ಎದ್ದು ನಿಲ್ಲಿ. ದಂಡ ಮತ್ತು ಬಸ್ಕಿ ಎರಡೂ ಸೇರಿದ ಹಾಗೆ. ಮೊದಲ ದಿನ ಇದು ಎಷ್ಟೋ ಸಲ ಆಗುತ್ತದೆ. ಮಾರನೇ ದಿನ ನೋಯುವ ತೋಳು, ಎದೆಗೆ ಕಾರಣ ಇದೇ.

ಹಂತ 6: ಎರಡು ಅಂಚು, ಎರಡು ಬಗೆಯ ಸ್ನಾಯು

ಬೋರ್ಡಿನ ಉದ್ದಕ್ಕೂ ಎರಡೂ ಬದಿ ಉಕ್ಕಿನ ಅಂಚು ಇರುತ್ತದೆ. ಹಿಮ್ಮಡಿ ಕಡೆಯದು ಹೀಲ್ ಎಡ್ಜ್, ಬೆರಳ ಕಡೆಯದು ಟೋ ಎಡ್ಜ್. ಸ್ನೋಬೋರ್ಡಿಂಗ್ ಅಂದರೆ ಇವೆರಡರ ನಡುವೆ ಭಾರ ಬದಲಾಯಿಸುವುದು.

ಮೊದಲು ಹೀಲ್ ಎಡ್ಜ್. ಇಳಿಜಾರಿನ ಕಡೆ ಮುಖ ಮಾಡಿ, ಬೋರ್ಡು ಅಡ್ಡ ಇಟ್ಟು, ಬೆರಳು ಮೇಲೆತ್ತಿ ಹಿಮ್ಮಡಿಯ ಮೇಲೆ ಮೆಲ್ಲಗೆ ಕೆಳಗೆ ಜಾರಿ. ತೊಡೆಯ ಮುಂಭಾಗ ಉರಿಯತೊಡಗುತ್ತದೆ. ಗೋಡೆ ಕುರ್ಚಿ ಮಾಡಿಸಿದ್ದು ಇದಕ್ಕೆ.

ಆಮೇಲೆ ಬೆಟ್ಟದ ಕಡೆ ತಿರುಗಿ ಟೋ ಎಡ್ಜ್. ಎಲ್ಲಿಗೆ ಹೋಗುತ್ತಿದ್ದೀರೋ ಕಾಣುವುದಿಲ್ಲ, ಹೆದರಿಕೆ ಸಹಜ. ಹೊಸಬರು ಇಲ್ಲಿ ತುದಿಗಾಲಲ್ಲಿ ನೆಟ್ಟಗೆ ನಿಂತು ಮೀನಖಂಡವನ್ನು ಕಲ್ಲು ಮಾಡಿಕೊಳ್ಳುತ್ತಾರೆ. ಹತ್ತು ನಿಮಿಷದಲ್ಲಿ ಕಾಲು ನಡುಗುತ್ತದೆ. ಮಂಡಿ ಬಗ್ಗಿಸಿ, ಮೊಣಕಾಲ ಕೆಳಗಿನ ಮೂಳೆಯನ್ನು ಬೂಟಿನ ನಾಲಿಗೆಗೆ ಒರಗಿಸಿ, ಸೊಂಟ ಮುಂದೆ ತನ್ನಿ. ಅರ್ಧ ಭಾರ ಬೂಟೇ ಹೊರುತ್ತದೆ. ಉಳಿದರ್ಧಕ್ಕೆ ಆ ಮೆಟ್ಟಿಲಿನ ಅಭ್ಯಾಸ.

ಎರಡೂ ಬಂದ ಮೇಲೆ ಎಡಕ್ಕೂ ಬಲಕ್ಕೂ ತೂಗುತ್ತಾ ಇಳಿಯಿರಿ, ಉದುರುವ ಎಲೆ ಗಾಳಿಯಲ್ಲಿ ಬರುತ್ತದಲ್ಲ, ಹಾಗೆ. ಇದರ ಹೆಸರೂ ಫಾಲಿಂಗ್ ಲೀಫ್ ಎಂದೇ. ತಿರುವು ಕೊನೆಗೆ.

ಎಚ್ಚರಿಕೆ: ಕೆಳಗಿನ ಕಡೆಯ ಅಂಚು ಯಾವತ್ತೂ ಹಿಮ ಕಚ್ಚಬಾರದು. ಕಚ್ಚಿದರೆ ಬೋರ್ಡು ಗಕ್ಕನೆ ನಿಲ್ಲುತ್ತದೆ, ನೀವು ನಿಲ್ಲುವುದಿಲ್ಲ. ಟೋ ಎಡ್ಜ್‌ನಲ್ಲಿದ್ದಾಗ ಹಾಗಾದರೆ ಹಿಂದಕ್ಕೆ ಅಪ್ಪಳಿಸಿ ತಲೆಯ ಹಿಂಭಾಗ ಹೊಡೆಯುತ್ತದೆ. ಹೆಲ್ಮೆಟ್ ಬೇಕು ಅಂದದ್ದು ಮುಖ್ಯವಾಗಿ ಇದಕ್ಕೆ. ಜೋರು ಪೆಟ್ಟು ತಿಂದ ಹೆಲ್ಮೆಟ್ಟನ್ನು ಮತ್ತೆ ಬಳಸಬೇಡಿ. ತಲೆಗೆ ಪೆಟ್ಟಾಗಿ ಮಂಕು, ವಾಂತಿ, ತಲೆಸುತ್ತು ಬಂದರೆ ಆಟ ಅಲ್ಲಿಗೇ ನಿಲ್ಲಿಸಿ ಡಾಕ್ಟರ ಬಳಿ ಹೋಗಿ.

ಇನ್ನೊಂದು ಎಚ್ಚರಿಕೆ ಲಿಫ್ಟಿನಿಂದ ಇಳಿಯುವಾಗ. ಆಗ ಹಿಂದಿನ ಕಾಲು ಬಿಚ್ಚಿರುತ್ತದೆ, ಇಡೀ ಬೋರ್ಡು ಮುಂದಿನ ಕಾಲಿಗೆ ನೇತಾಡುತ್ತದೆ. ಬೋರ್ಡು ಅಡ್ಡ ತಿರುಗಿದರೆ ಮಂಡಿಯೂ ಜೊತೆಗೇ ತಿರುಚುತ್ತದೆ. ಬೋರ್ಡಿನ ಮೂಗು ನೇರ ಇಡಿ, ಬಿಚ್ಚಿದ ಕಾಲನ್ನು ಹಿಂದಿನ ಬೈಂಡಿಂಗ್‌ಗೆ (ಬೂಟು ಬಿಗಿಯುವ ಪಟ್ಟಿ) ಒತ್ತಿ ನಿಲ್ಲಿಸಿ, ಮುಂದೆ ನೋಡಿ. ಮತ್ತೆ, ನಿಮಗಿಂತ ಕೆಳಗಿರುವವರಿಗೇ ಮೊದಲ ಹಕ್ಕು. ಅವರನ್ನು ತಪ್ಪಿಸಿಕೊಂಡು ಹೋಗುವುದು ನಿಮ್ಮ ಕೆಲಸ.

ಹಂತ 7: ದಣಿವಿನ ಲೆಕ್ಕ

ನಾಲ್ಕು ದಿನದ ಪ್ರವಾಸವಾದರೆ ಹೀಗೆ ಮಾಡಿ: ಮೊದಲ ದಿನ ಅರ್ಧ ದಿನ, ಎರಡನೇ ದಿನ ಇನ್ನೊಂದರ್ಧ, ಮೂರನೇ ದಿನ ಬರೀ ನಡಿಗೆ, ನಾಲ್ಕನೇ ದಿನ ಪೂರ್ತಿ. ಸ್ನಾಯು ನೋವು 24ರಿಂದ 72 ಗಂಟೆಯೊಳಗೆ ಜೋರಾಗಿರುತ್ತದೆ. ಮೂರನೇ ದಿನದ ಬಿಡುವು ಅದಕ್ಕೆ. ಪ್ರತಿ ದಿನ ಜಾರುವ ಮುಂಚೆ ಐದು ನಿಮಿಷ ಬಸ್ಕಿ, ಸೊಂಟ ತಿರುಗಿಸುವುದು, ಜಾಗದಲ್ಲೇ ಓಟ. ಮೈ ಬಿಸಿಯಾಗಲಿ.

"ಇನ್ನೊಂದೇ ಒಂದು ಸಲ" ಅನ್ನುವ ಮಾತು ಬಾಯಿಗೆ ಬಂದಾಗ ಒಮ್ಮೆ ಒಂಟಿ ಕಾಲಲ್ಲಿ ನಿಂತು ನೋಡಿ. ಕಾಲು ಅಲ್ಲಾಡಿದರೆ ಅವತ್ತಿಗೆ ಮುಗಿಯಿತು.

ಹಂತ 8: ವಾಪಸ್ ಬಂದ ಮೇಲೆ ಅಳೆಯಿರಿ

ಒಂದು ವಾರ ಬಿಟ್ಟು, ನೋವೆಲ್ಲ ಹೋದ ಮೇಲೆ, ಬರೆದಿಟ್ಟ ನಾಲ್ಕು ಅಂಕಿಗಳನ್ನು ಮತ್ತೆ ಪರೀಕ್ಷಿಸಿ. ಒಂಟಿ ಕಾಲಿನದ್ದು ಹೆಚ್ಚಿದೆಯಾ ಎಂದು ಮೊದಲು ನೋಡಿ. ತೂಕದ ಯಂತ್ರ ಬೇಕಿಲ್ಲ.

ಹಾಗಂತ ಹಿಮದ ನಾಲ್ಕು ದಿನ ವರ್ಷವಿಡೀ ಸಾಲುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವುದು ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ಶ್ರಮ, ಜೊತೆಗೆ ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ. ನಿಧಾನ ಬಸ್ಕಿ, ತೂಕ, ಪ್ಲ್ಯಾಂಕನ್ನು ಆ ಎರಡು ದಿನಕ್ಕೆ ಹಾಕಿಕೊಳ್ಳಿ, ಉಳಿದ ದಿನ ನಡೆಯಿರಿ. ಮುಂದಿನ ಚಳಿಗಾಲಕ್ಕೆ ಆರು ವಾರದ ತಯಾರಿ ಮೂರು ವಾರಕ್ಕೆ ಇಳಿಯುತ್ತದೆ. ಸ್ವಂತ ಬೂಟು ಕೊಂಡಿದ್ದರೆ ಒಳಗಿನ ಲೈನರ್ (ಮೆತ್ತನೆಯ ಒಳಪದರ) ಹೊರಗೆ ತೆಗೆದು ನೆರಳಲ್ಲಿ ಒಣಗಿಸಿಡಿ. ಹೀಟರ್ ಮುಂದೆ ಇಟ್ಟರೆ ಅದರ ಆಕಾರ ಕೆಡುತ್ತದೆ.